ಬೋರವ್ವನ ತಲೆಯಲ್ಲಿದ್ದ ಪಗಡೆ

ತಿಕೋಟಾದ ಬೋರವ್ವನಿಗೂ ಪಕ್ಕದ ಮನೆಯ ಮಾಶಾಬಿಗೂ ಪಗಡೆಯ ಹುಚ್ಚು. ಅಂಥಿಂಥ ಹುಚ್ಚಲ್ಲ. ರೊಟ್ಟಿ ಬುಟ್ಟಿ ಮುಚ್ಚಿದ್ದೇ ತಡ, ಬೋರವ್ವನ ಪಡಸಾಲೆಯಲ್ಲಿ ಪಗಡೆ ಹಾಸು ಬಿಚ್ಚಿಕೊಳ್ಳುತ್ತಿತ್ತು, ಕವಡೆಯ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಹಾಸಿನ ಮನೆಗಳನ್ನೆಲ್ಲ ಸುತ್ತಿ ಬಂದು ನಡುಮನೆ ಸೇರಿದ ಕಾಯಿ ಹಣ್ಣು. ಎಲ್ಲ ಕಾಯಿ ಮೊದಲು ಹಣ್ಣು ಮಾಡಿಕೊಂಡವಳು ಗೆದ್ದಳು. ಇವರಿಬ್ಬರೋ ಗೆಲ್ಲುವುದಕ್ಕಿಂತ ಒಬ್ಬರ ಕಾಯಿ ಒಬ್ಬರು ಹೊಡೆದು ಮತ್ತೆ ಮೊದಲಿಗೆ ಅಟ್ಟುವುದರಲ್ಲೇ ಸುಖ ಕಾಣುವವರು. ಒಂದಾಟ ವಾರಗಟ್ಟಲೆ ಎಳೆಯುತ್ತಿತ್ತು.

ತೊಂದರೆಯೆಂದರೆ ಕುರಿಮರಿಗಳದು. ಬೋರವ್ವನ ಗಂಡ ಖಂಡಪ್ಪ ಘೋಣಸಗಿ ಕಡೆ ಕುರಿ ಮೇಯಿಸಿಕೊಂಡು ಸಂಜೆ ಬಂದನೆಂದರೆ ಮರಿಗಳನ್ನು ಅದೇ ಪಡಸಾಲೆಯಲ್ಲಿ ಕಟ್ಟಬೇಕು, ಹಾಸು ಎತ್ತಲೇಬೇಕು. ಮೊದಮೊದಲು ಯಾವ ಕಾಯಿ ಎಲ್ಲಿತ್ತೆಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದಿಡುತ್ತಿದ್ದರು. ಮರುದಿನ ಆ ಗೀಟು ಎಣಿಸಿ, ಜಗಳಾಡಿ, ಕಾಯಿ ಹೂಡುವಷ್ಟರಲ್ಲಿ ಅರ್ಧ ಮಧ್ಯಾಹ್ನ ಖಲಾಸು. ಮರಿಗಳು ಗೋಡೆಗೆ ಮೈ ತಿಕ್ಕಿದ್ದರಂತೂ ಕೇಳುವುದೇ ಬೇಡ.

"ಸುಡ್ಲಿ ಈ ಗೀಟು! ಎಲ್ಲಾ ನನ್ನ ತಲಿಯಾಗ ಇಟ್ಕೋತೀನಿ" ಎಂದಳು ಬೋರವ್ವ ಒಂದು ದಿನ. ಅಂದಿನಿಂದ ಮಾಶಾಬಿ ಸೆರಗು ಸರಿಮಾಡಿಕೊಂಡು ಕೂರುವುದರೊಳಗೆ ಅಷ್ಟೂ ಕಾಯಿ ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದವು. ವಾರ ಹಿಡಿಯುತ್ತಿದ್ದ ಆಟ ಎರಡು ಮೂರು ದಿನಕ್ಕೆ ಮುಗಿಯತೊಡಗಿತು.

ಎಪ್ಪತ್ತಾರರ ಬೇಸಿಗೆಯಲ್ಲಿ ಮಾಶಾಬಿಯ ಗಂಡ ಚಮನಸಾಬ ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟ. ಹಿಂದೆಯೇ ಬಾಡಿಗೆ ಮನೆ. ಹೆಂಡತಿಯನ್ನು ಕರೆದೊಯ್ಯಲು ಬಂದರೆ ಪಡಸಾಲೆಯಲ್ಲಿ ಅರ್ಧ ಆಟ. ಅರ್ಧ ಪಗಡೆ ಬಿಟ್ಟು ಊರು ಬಿಟ್ಟರೆ ಎರಡೂ ಮನೆಗಳ ಬಳಕೆ ಕಡಿಯುತ್ತದೆಂಬುದು ಆ ಓಣಿಯ ಹೆಂಗಸರ ನಂಬಿಕೆ.

"ಇದೊಂದು ಮುಗೀಲಿರಿ, ಮರುದಿನಾನ ಗಂಟು ಕಟ್ತೀನಿ" ಎಂದಳು ಮಾಶಾಬಿ. ಎರಡು ದಿನದ ಮಾತು ತಾನೆ ಎಂದು ಚಮನಸಾಬ ಒಪ್ಪಿಕೊಂಡು ಬಸ್ಸು ಹತ್ತಿದ. ಪಾಪ.

ಮಾಶಾಬಿಯಿಲ್ಲದ ಮಧ್ಯಾಹ್ನ ಬೋರವ್ವನಿಗೆ ಬೇಡವೇ ಬೇಡ. ಮಕ್ಕಳಿಲ್ಲದ ಮನೆ. ಖಂಡಪ್ಪ ಕುರಿಗಳೊಡನೆ ಆಡುವ ಮಾತಿನ ಕಾಲುಭಾಗ ಹೆಂಡತಿಯೊಡನೆ ಆಡಿದರೆ ಹೆಚ್ಚು. ಮರುದಿನ ಕಾಯಿ ಹೂಡುವಾಗ, ಇನ್ನೇನು ಹಣ್ಣಾಗಲಿದ್ದ ಒಂದು ಕಾಯಿಯನ್ನು ಅವಳು ಹತ್ತು ಮನೆ ಹಿಂದಿಟ್ಟುಬಿಟ್ಟಳು. ಮಾಶಾಬಿ ಹಾಸಿನತ್ತ ಒಮ್ಮೆ ನೋಡಿ ಕವಡೆ ಎತ್ತಿಕೊಂಡಳು. ಆಮೇಲೆ ಕೇಳಬೇಕೆ? ಇವತ್ತು ತನ್ನ ಕಾಯಿ, ನಾಳೆ ಅವಳದು, ದಿನಾ ಇದೇ ಕೈಚಳಕ. ಚಮನಸಾಬ ವಾರಕ್ಕೊಮ್ಮೆ ಬರುವನು, ಬಂದಾಗಲೆಲ್ಲ ಇನ್ನಷ್ಟು ಸೊರಗಿರುವನು.

"ಮುಗೀತೇನ್ರಿ ನಿಮ್ಮ ಆಟ?"

"ಇನ್ನೇನ ಚಮನಣ್ಣಾ, ನಾಳಿ ನಾಡದ ಮುಗೀತೈತಿ."

"ನಾ ಮಾಡಿದ ರೊಟ್ಟಿ ನಾಯಿನೂ ಮೂಸವಲ್ದು ಬೋರಕ್ಕ."

ಹೀಗಿರುವಾಗ ಬೋರವ್ವನಿಗೆ ಚಳಿಜ್ವರ ಬಂತು. ಕೌದಿಯ ಮೇಲೆ ಕೌದಿ ಹೊದಿಸಿ, ಗಂಜಿ ಕುಡಿಸಿ, ಮಾಶಾಬಿ ಪಕ್ಕ ಬಿಟ್ಟು ಕದಲಲಿಲ್ಲ. ಜ್ವರ ಇಳಿದು, ಎದ್ದು ಕೂತು, ಹಾಸು ಬಿಚ್ಚಿದರೆ ಬೋರವ್ವನ ತಲೆ ಒರೆಸಿದ ಪಾಟಿ. ಯಾವ ಕಾಯಿ ಎಲ್ಲಿತ್ತೋ, ಒಂದೂ ನೆನಪಿಲ್ಲ. ಅಲ್ಲ, ಒಂದು ನೆನಪಿತ್ತು. ಮಾಶಾಬಿಯ ಕೊನೆಯ ಕೆಂಪು ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ. ಅದನ್ನು ನೋಡಿಯೇ ಅವಳಿಗೆ ಚಳಿ ಹತ್ತಿದ್ದು.

ಹೊರಗೆ ಚಮನಸಾಬ ಈ ಸಲ ಎತ್ತಿನ ಗಾಡಿಯನ್ನೇ ತಂದು ನಿಲ್ಲಿಸಿದ್ದ.

"ಮಾಶಾ, ನನಗ ಎಲ್ಲಾ ಮರ್ತ ಹೋಗೈತಿ" ಎಂದಳು ಬೋರವ್ವ.

"ಇರ್ಲಿ ಬಿಡ, ನಾ ಹೂಡ್ತೀನಿ."

ಮಾಶಾಬಿ ಒಂದೊಂದೇ ಕಾಯಿ ಎತ್ತಿ ಟಪಟಪ ಇಡುತ್ತ ಹೋದಳು, ಎಲ್ಲೂ ತಡವರಿಸಲಿಲ್ಲ. ಬೋರವ್ವ ಬಾಯಿ ಬಿಟ್ಟು ನೋಡಿದಳು.

"ನೀನೂ ತಲಿಯಾಗ ಇಟ್ಕೊಂಡಿದ್ದೇನ?"

"ಮೊದಲಿನ ದಿನದಿಂದನ."

ಅಂದರೆ ಹಿಂದೆ ಸರಿದ ಪ್ರತಿಯೊಂದು ಕಾಯಿಯೂ ಇವಳಿಗೆ ಗೊತ್ತಿತ್ತು! ಬೋರವ್ವನ ಮುಖ ಬಿಸಿಯಾಯಿತು. ಅಷ್ಟರಲ್ಲಿ ಮಾಶಾಬಿಯ ಕೈಗೆ ಕೊನೆಯ ಕೆಂಪು ಕಾಯಿ ಬಂದಿತ್ತು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಅದನ್ನು ಹಾಸಿನ ಆ ತುದಿಗೆ, ಆಟ ಶುರುವಾಗುವ ಮನೆಯಲ್ಲಿ ಇಟ್ಟಳು.

"ಇಲ್ಲೇ ಇತ್ತಲ್ಲ, ಬೋರಕ್ಕ?" ಎಂದಳು.

ಹೂಂ ಅಂದರೆ ಸಾಕಿತ್ತು, ಉಳಿದ ಬೇಸಿಗೆಯೆಲ್ಲ ಇಬ್ಬರದೇ. ಬೋರವ್ವನಿಗೆ ಆಸೆ ಇಲ್ಲದಿರಲಿಲ್ಲ. ಆದರೆ ಬಾಗಿಲಾಚೆ ಚಮನಸಾಬ ಎತ್ತಿಗೆ ಮೇವು ಹಾಕುತ್ತ ನಿಂತಿದ್ದ. ಊರಿಗೆಲ್ಲ ಅಳತೆ ಹಿಡಿದು ಹೊಲಿಯುವವನ ಮೈಮೇಲೆ ಅವನದೇ ಅಂಗಿ ಜೋತಾಡುತ್ತಿತ್ತು. ಬೋರವ್ವ ಕಣ್ಣೊರೆಸಿಕೊಂಡು ಕೆಂಪು ಕಾಯಿಯನ್ನು ಎತ್ತಿ, ನಡುಮನೆಗೆ ಎರಡು ಮನೆ ಈಚೆ ಇಟ್ಟಳು.

"ಸುಳ್ಳ ಹೇಳಬ್ಯಾಡ. ಇಲ್ಲಿತ್ತು. ಹಾಕ."

ಮಾಶಾಬಿ ಕವಡೆಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅಳತೊಡಗಿದಳು. "ಬೀಳದಿದ್ರ?"

"ಬೀಳೂತನಕ ಹಾಕ."

ಅವಳು ಮುಷ್ಟಿ ಬಿಚ್ಚಲಿಲ್ಲ. ಕೊನೆಗೆ ಬೋರವ್ವ ಆ ಮುಷ್ಟಿಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಅಲುಗಿಸಿ, ಬೆರಳು ಬಿಡಿಸಿದಳು. ಕವಡೆಗಳು ಹಾಸಿನ ಮೇಲೆ ಉರುಳಿದವು. ಎರಡು ಬಿದ್ದಿತ್ತು.