ಶೋಕೇಸಿಗಲ್ಲ

ನಾಯಂಡಹಳ್ಳಿಯ ಗೋಡೌನಿನಲ್ಲಿ ಹಳೆ ಸಾಮಾನು ಮಾರುವ ಮಧ್ವೇಶ್ ಮೇಜಿನ ಮೇಲಿಟ್ಟದ್ದು ಫಳಫಳ ಹೊಳೆಯುತ್ತಿತ್ತು. ಹಿತ್ತಾಳೆಯ ದುಂಡನೆಯ ಡಬ್ಬಿ, ಅದರ ಎರಡು ಪಕ್ಕದಿಂದ ಹೊರಟು ಬಾಯಲ್ಲಿ ಕಚ್ಚಿಕೊಳ್ಳುವ ತುಂಡಿಗೆ ಸೇರುವ ಸುಕ್ಕುಸುಕ್ಕು ಕೊಳವೆಗಳು. ಹಿಂದಿನ ಕಾಲದ ಸ್ಕೂಬಾ ರೆಗ್ಯುಲೇಟರ್. ಸಮುದ್ರದೊಳಗೆ ಇಳಿದವರು ಬೆನ್ನಿನ ಸಿಲಿಂಡರಿನಿಂದ ಇದರ ಮೂಲಕವೇ ಉಸಿರಾಡುತ್ತಿದ್ದರು.

“ಪಾಲಿಶ್ ಮಾಡ್ಸಿದೀನಿ ಆಂಟಿ. ಶೋಕೇಸಲ್ಲಿಟ್ರೆ ಬಂದೋರೆಲ್ಲ ಇದನ್ನೇ ನೋಡ್ಬೇಕು.”

ಸತ್ಯವತಿ ಅದನ್ನು ತಿರುಗಿಸಿ ನೋಡಿದಳು. ಬಸವೇಶ್ವರನಗರದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಲೇ ತಲೆ ನರೆತವಳು; ಐವತ್ತು ದಾಟಿದ ಮೇಲೆ ಮುರುಡೇಶ್ವರದ ಕಡಲಲ್ಲಿ ಸ್ಕೂಬಾ ಕಲಿತವಳು.

“ಉಜ್ಜಿ ಉಜ್ಜಿ ಕಂಪನಿ ಹೆಸರೇ ಅಳಿಸಿ ಹೋಗಿದೆಯಲ್ರೀ. ಬೆಲೆ ಅಲ್ಲೇ ಅರ್ಧ ಬಿತ್ತು. ಈ ಕೊಳವೆ ವ್ಯಾಕ್ಯೂಮ್ ಕ್ಲೀನರ್‌ದು.”

ಮಧ್ವೇಶನ ಮುಖ ಸಪ್ಪಗಾಯಿತು. ಅವಳ ಕಣ್ಣು ಮೂಲೆಯ ಬುಟ್ಟಿಯ ಮೇಲೆ ಬಿತ್ತು. ಅಲ್ಲೂ ಅಂಥದ್ದೇ ಒಂದು, ಕಿಲುಬು ಹಿಡಿದು ಬಿದ್ದಿತ್ತು. ಹೆಸರು ಮಾತ್ರ ಹಾಗೇ ಇತ್ತು. ಸೆರಗಿನಿಂದ ಒರೆಸಿ, ಗಾಳಿ ಒಳಬರುವ ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಾಯಿಗಿಟ್ಟು ಎಳೆದಳು. ಕೆನ್ನೆ ಒಳಕ್ಕೆ ಹೋಯಿತೇ ಹೊರತು ಗಾಳಿ ಬರಲಿಲ್ಲ. ಎಲ್ಲೂ ಸೋರಿಕೆಯಿಲ್ಲ ಎಂದಾಯಿತು.

“ಇದನ್ನ ಕೊಡಿ. ರಿಪೇರಿ ಮಾಡಿ ನೀರಿಗೆ ಇಳಿಸ್ತೀನಿ.”

“ನೀರಿಗಾ? ಈ ವಯಸ್ಸಲ್ಲಾ?” ಮಧ್ವೇಶ್ ಅದನ್ನು ಕಿತ್ತುಕೊಂಡೇಬಿಟ್ಟ. “ಏನಾದ್ರೂ ಆದ್ರೆ ಪೊಲೀಸ್ರು ನನ್ನನ್ನ ಹುಡುಕ್ಕೊಂಡು ಬರ್ತಾರೆ. ಶೋಕೇಸಿಗೆ ಅಂತ ಒಂದು ಮಾತು ಹೇಳ್ಬಿಡಿ ಆಂಟಿ, ಕಮ್ಮಿ ಮಾಡಿ ಕೊಡ್ತೀನಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ.”

ಒಂದು ಮಾತು. ಮದುವೆಯಾದ ಹೊಸತರಲ್ಲಿ ಅತ್ತೆಯೂ ಹೀಗೇ ಅಂದಿದ್ದರು: ಯಾರಾದರೂ ಕೇಳಿದರೆ ಸ್ಕೂಲ್ ಟೀಚರ್ ಅನ್ನು, ಈಜು ಗೀಜು ಅನ್ನಬೇಡ. ಆ ಮಾತನ್ನು ಅವಳು ಆಗಲೂ ಆಡಿರಲಿಲ್ಲ.

“ಸುಳ್ಳು ಹೇಳಿ ಕಮ್ಮಿಗೆ ತಗೊಳ್ಳೋ ಕರ್ಮ ನನಗೆ ಬೇಡ. ನೀವು ಹೇಳಿದಷ್ಟೇ ಕೊಡ್ತೀನಿ. ನೀರಿಗೇ ಇಳಿಸ್ತೀನಿ. ಬಂದು ನೋಡಿ ಬೇಕಾದ್ರೆ.”

ಮಧ್ವೇಶ್ ಗೊಣಗುತ್ತಲೇ ಪೇಪರಿನಲ್ಲಿ ಸುತ್ತಿಕೊಟ್ಟ.

ಮನೆಯಲ್ಲಿ ಗಂಡ ಸೇತುರಾಮ ತಲೆ ಚಚ್ಚಿಕೊಂಡ. ಅವಳು ಡಬ್ಬಿ ಬಿಚ್ಚಿ ಕಿಲುಬು ತೆಗೆದಳು, ಒಳಗಿನ ರಬ್ಬರ್ ಪರದೆಯನ್ನೂ ಕೊಳವೆಗಳನ್ನೂ ಹೊಸದಾಗಿ ತರಿಸಿದಳು. ತನಗೆ ಕಲಿಸಿದ ಮುರುಡೇಶ್ವರದ ಗುರುಗಳಿಗೆ ಕೊಂಡೊಯ್ದು ಸಿಲಿಂಡರಿಗೆ ಹಾಕಿಸಿ ಪರೀಕ್ಷೆ ಮಾಡಿಸಿದಳು. ಅವರು ಸೈ ಎಂದ ಮೇಲೆಯೇ ಈಜುಕೊಳಕ್ಕೆ ತಂದದ್ದು.

ಆ ಭಾನುವಾರ ಸೇತುರಾಮ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ದಡದಲ್ಲಿ ನಿಂತ. ಮಧ್ವೇಶನೂ ಬಂದಿದ್ದ.

“ಈಗಲೂ ಬೇಡ ಅನ್ನಿ ಆಂಟಿ.”

ಸತ್ಯವತಿ ಬೆನ್ನಿಗೆ ಸಿಲಿಂಡರ್ ಹೊತ್ತು ಮುಳುಗಿದಳು. ಮೊದಲ ಉಸಿರು ಬಿಗಿಯಾಗಿ ಬಂತು. ಎರಡನೆಯದು ಸಲೀಸಾಯಿತು. ಹೊಸ ರೆಗ್ಯುಲೇಟರುಗಳಲ್ಲಿ ಆಗುವಂತೆ ಗುಳ್ಳೆಗಳು ಮುಖದ ಮುಂದೆ ಗಲಾಟೆ ಮಾಡಲಿಲ್ಲ. ಕತ್ತಿನ ಹಿಂದೆ ಕೂತ ಡಬ್ಬಿಯಿಂದ ಮೇಲಕ್ಕೆ ಹೋದವು. ಕೊಳದ ನೀಲಿ ತಳ ಅಷ್ಟು ನಿಚ್ಚಳವಾಗಿ ಎಂದೂ ಕಂಡಿರಲಿಲ್ಲ.

ಮೇಲೆ ಬಂದಾಗ ಮಧ್ವೇಶ್ ದಡದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

“ಡಬಲ್ ಕೊಡ್ತೀನಿ. ವಾಪಸ್ ಕೊಡಿ ಆಂಟಿ. ಕೆಲಸ ಮಾಡೋ ಪೀಸಿಗೆ ಬೆಲೆನೇ ಬೇರೆ.”

“ಅದು ನನಗೆ ಬುಟ್ಟೀಲಿದ್ದಾಗ್ಲೇ ಗೊತ್ತಿತ್ತು. ಕೊಡಲ್ಲ.”

“ಸಾಕು, ಮೇಲೆ ಬಾರೇ,” ಎಂದ ಸೇತುರಾಮ.

“ಇನ್ನೂ ಗಾಳಿ ಇದೆ ಕಣ್ರೀ. ಹಗ್ಗ ಸಡಿಲ ಬಿಡಿ.”