ಅಗಸೆ ಬೀಜದ ಉಳಿದರ್ಧ

ನನ್ನನ್ನು ಕೆಟ್ಟವಳು ಅನ್ನುವವರು ಅನ್ನಲಿ. ಅನ್ನಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಅಕ್ಕ ಅಗಸೆಯ ಹೊಸ ತಳಿ ಹುಡುಕುವ ವಿಜ್ಞಾನಿ. ನಾನು ಅದೇ ಸಂಸ್ಥೆಯಲ್ಲಿ ಎಣ್ಣೆ ಪರೀಕ್ಷೆ ಮಾಡುವವಳು. ಒಬ್ಬಳನ್ನಷ್ಟೇ ಮುಂದೆ ಓದಿಸುತ್ತೇನೆ ಎಂದು ಅಪ್ಪ ಹೇಳಿದ ದಿನ, ಅಕ್ಕ ನನ್ನ ಮುಖವನ್ನೂ ನೋಡದೆ ಬಟ್ಟೆ ಜೋಡಿಸಿಕೊಂಡಳು. ಅವಳ ಪ್ರಬಂಧಗಳ ಕೊನೆಯಲ್ಲಿ ಕೃತಜ್ಞತೆಯ ಪಟ್ಟಿ ಇರುತ್ತದಲ್ಲ, ಅದರಲ್ಲಿ ನನ್ನ ಹೆಸರು ಟ್ರ್ಯಾಕ್ಟರ್ ಓಡಿಸುವವನ ಕೆಳಗೆ ಬರುತ್ತಿತ್ತು. ಬೆನ್ನಿಗೆ ಬಿದ್ದ ತಂಗಿಗೆ ಅಷ್ಟೇ ಬೆಲೆ.

ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿನೊಲೆನಿಕ್ ಎಂಬ ಕೊಬ್ಬಿನಾಮ್ಲ. ಗಾಳಿ ತಾಕಿದರೆ ಸಾಕು, ಕೆಟ್ಟು ಕಮಟು ನಾರುತ್ತದೆ. ಹಾಗಾಗಿ ಆ ಎಣ್ಣೆ ಬಾಣಲೆಗೆ ಬೀಳುವುದಿಲ್ಲ, ಬಣ್ಣದ ಡಬ್ಬಿಗೆ ಹೋಗುತ್ತದೆ. ಆ ಆಮ್ಲ ನೂರಕ್ಕೆ ಐದಕ್ಕಿಂತ ಕಡಿಮೆ ಇರುವ ಒಂದೇ ಒಂದು ಬೀಜ ಸಿಗಲಿ, ಅದರಿಂದ ಅಡುಗೆ ಎಣ್ಣೆಯ ತಳಿ ಎಬ್ಬಿಸುತ್ತೇನೆ ಎಂದು ಅಕ್ಕ ಒಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮದುವೆ, ಸ್ವಂತ ಮನೆ, ಕೊನೆಗೆ ಹಲ್ಲುನೋವನ್ನೂ ಮುಂದಕ್ಕೆ ಹಾಕಿದಳು. ಸೋಮವಾರ ಅವಳ ಕೆಲಸ ಪರಿಶೀಲಿಸುವ ಸಮಿತಿ ಬರುವುದಿತ್ತು. ಬೀಜ ತೋರಿಸದಿದ್ದರೆ ಹೊಲದಲ್ಲಿನ ಅವಳ ಪ್ರಯೋಗದ ತಾಕನ್ನು ಉತ್ತು, ಅವಳನ್ನು ಕಡತ ತಿರುವುವ ಕುರ್ಚಿಗೆ ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆಯ ಕ್ರಮ ಹೀಗೆ. ಅಕ್ಕ ಪ್ರತಿ ಬೀಜದ ಮೊಂಡು ತುದಿಯಿಂದ ಬ್ಲೇಡಿನಲ್ಲಿ ಒಂದು ಚೂರು ಕತ್ತರಿಸುತ್ತಾಳೆ. ಅದು ನನಗೆ. ಜೀವ ಇರುವುದು ಚೂಪು ತುದಿಯಲ್ಲಿ. ಆ ಉಳಿದರ್ಧವನ್ನು ತಟ್ಟೆಯಲ್ಲಿ ಚೂರಿನ ಸಂಖ್ಯೆಯದೇ ಗುಳಿಯಲ್ಲಿ, ಒದ್ದೆ ಕಾಗದದ ಮೇಲೆ ಇಡುತ್ತಾಳೆ. ಚೂರು ಸತ್ತು ಸುದ್ದಿ ಹೇಳಬೇಕು, ಅರ್ಧ ಬದುಕಿ ಗಿಡವಾಗಬೇಕು.

ಆ ಸಲ ನಾನೂರು ಬೀಜಗಳಿದ್ದವು. ತಟ್ಟೆ ಒಪ್ಪಿಸುವಾಗ ಅಕ್ಕ ಎಲ್ಲರೆದುರೇ ಅಂದಳು:

"ಲೇ ಪುಟ್ಟಿ, ಸಿರಿಂಜ್ ನೆಟ್ಟಗೆ ತೊಳ್ಕೊ. ನಿನ್ನಿಂದ ಒಂದ್ಸಲ ಮಾನ ಕಳ್ಕೊಂಡಿದ್ದು ಸಾಕು."

ಮೂರು ವರ್ಷದ ಹಿಂದೆ ಯಂತ್ರಕ್ಕೆ ಎಣ್ಣೆ ಹಾಕುವ ಸಿರಿಂಜನ್ನು ತೊಳೆಯದೆ ಒಂದು ತಪ್ಪು ಲೆಕ್ಕ ಬಂದಿತ್ತು, ನಿಜ. ಅಕ್ಕ ಅದನ್ನು ನಂಬಿ, ಬೀಜ ಸಿಕ್ಕಿತೆಂದು ಊರೆಲ್ಲ ಸಾರಿ ನಗೆಪಾಟಲಾದಳು. ಆಮೇಲೆ ನನ್ನನ್ನು ನಿಲ್ಲಿಸಿ ಬೈದು, ಕೆಂಪು ಶಾಯಿಯಲ್ಲಿ ನಿಯಮ ಬರೆದು ನನ್ನ ಯಂತ್ರದ ಮೇಲ್ಗಡೆ ಅಂಟಿಸಿದಳು: ‘ಅಸಹಜ ಫಲಿತಾಂಶ ಬಂದರೆ ಅದೇ ಬೀಜವನ್ನು ಮತ್ತೊಮ್ಮೆ ಪರೀಕ್ಷಿಸದೆ ಯಾರಿಗೂ ತಿಳಿಸಕೂಡದು.’ ಮೂರು ವರ್ಷ ಆ ಕಾಗದದ ಕೆಳಗೆ ಕೂತು ಕೆಲಸ ಮಾಡಿದ್ದೇನೆ.

ಶನಿವಾರ ಬೆಳಗ್ಗೆ ಅಕ್ಕ ಗಡುವು ಮುಂದೂಡಿಸಲು ಮುಖ್ಯ ಕಚೇರಿಗೆ ಹೋಗಿದ್ದಳು. ಹನ್ನೊಂದರ ಹೊತ್ತಿಗೆ ಮುನ್ನೂರ ಹನ್ನೆರಡನೆಯ ಚೂರಿನ ಎಣ್ಣೆಯನ್ನು ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಒಂದೊಂದು ಆಮ್ಲಕ್ಕೂ ಒಂದೊಂದು ಗುಡ್ಡ ಏಳುತ್ತದೆ. ಪಾಲ್ಮಿಟಿಕ್ ಎದ್ದಿತು, ಸ್ಟಿಯರಿಕ್, ಒಲೀಕ್, ಲಿನೊಲೀಕ್ ಎದ್ದವು. ಕೊನೆಗೆ ಏಳಬೇಕಾದ ಲಿನೊಲೆನಿಕ್ ಗುಡ್ಡ ಎದ್ದೂ ಏಳದಂತಿತ್ತು. ನೂರಕ್ಕೆ ಮೂರು.

ಮೊದಲು ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ? ಫೋನ್ ಕೂಡ ಎತ್ತಿಕೊಂಡೆ. ಆಗ ಕೆಂಪು ಶಾಯಿ ಕಣ್ಣಿಗೆ ಬಿತ್ತು. ಫೋನ್ ಕೆಳಗಿಟ್ಟೆ.

ಕೊಳವೆಯಲ್ಲಿ ಅದೇ ಚೂರಿನ ಎಣ್ಣೆ ಇನ್ನೂ ಹತ್ತು ಸಲಕ್ಕಾಗುವಷ್ಟು ಉಳಿದಿತ್ತು. ಮರುಪರೀಕ್ಷೆಗೆ ಅದು ಧಾರಾಳವಾಗಿ ಸಾಕು. ನನಗದು ಚೆನ್ನಾಗಿ ಗೊತ್ತಿತ್ತು. ಆದರೂ ತಟ್ಟೆ ತೆರೆದು, ಚಿಮಟದಲ್ಲಿ ಮುನ್ನೂರ ಹನ್ನೆರಡರ ಉಳಿದರ್ಧವನ್ನು ಎತ್ತಿದೆ. ತಕ್ಕಡಿಯ ಹತ್ತಿರ ಕೂರುವ ಮುದುಕ, ನಮಗೆಲ್ಲ ತೂಕದ ಮಾವ, ಕನ್ನಡಕ ಏರಿಸಿ ನೋಡಿದ.

"ಅಯ್ಯೋ, ಅದು ಬಿತ್ತೋ ಅರ್ಧ ಅಲ್ವೇನಮ್ಮಾ?"

"ಗೋಡೆ ಮೇಲಿರೋ ನಿಯಮ ಓದ್ಕೊಳ್ಳಿ ಮಾವ."

"ನಿಯಮಕ್ಕಿಷ್ಟು ಬೆಂಕಿ ಹಾಕ! ಇರೋದು ಅದೊಂದೇ ತಾಯಿ!"

"ಅದಕ್ಕೇ," ಅಂದೆ. ಅರೆದುಬಿಟ್ಟೆ.

ಮತ್ತೆ ಮೂರೇ ಬಂತು. ವರದಿ ಬರೆದು ಸಹಿ ಹಾಕಿದೆ.

ಮೂರು ಗಂಟೆಗೆ ಅಕ್ಕ ಸಪ್ಪೆ ಮುಖ ಹಾಕಿಕೊಂಡು ಬಂದಳು. ಗಡುವು ಒಂದು ದಿನವೂ ಮುಂದೆ ಹೋಗಿರಲಿಲ್ಲ. ವರದಿ ಕೈಗಿಟ್ಟೆ.

"ಮೂರಾ? ಎರಡ್ಸಲಾನೂ ಮೂರಾ?" ಅಕ್ಕ ನನ್ನನ್ನು ತಬ್ಬಿಕೊಂಡಳು. ಅಪ್ಪ ಸತ್ತ ದಿನವೂ ಹಾಗೆ ತಬ್ಬಿರಲಿಲ್ಲ. "ನನ್ನ ಬಂಗಾರ ಕಣೇ ನೀನು! ನನ್ನ ಪಕ್ಕದಲ್ಲೇ ನಿನ್ನ ಹೆಸರೂ ಹಾಕ್ತೀನಿ, ನೋಡ್ತಿರು. ಎಲ್ಲಿ ಅದು, ಮೊದ್ಲು ಅದರ ಮುಖ ನೋಡ್ತೀನಿ."

ತಟ್ಟೆ ಎಳೆದುಕೊಂಡು ಬೆರಳಿಟ್ಟು ಎಣಿಸಿದಳು. ಗುಳಿ ಖಾಲಿ. ಮತ್ತೊಮ್ಮೆ ಎಣಿಸಿದಳು.

"ಅದೇ ಬೀಜಾನ ಮತ್ತೆ ಪರೀಕ್ಷೆ ಮಾಡ್ಬೇಕು ಅಂತ ನೀನೇ ಬರ್ದಿದ್ದಲ್ಲಕ್ಕ," ಅಂದೆ. "ಮಾಡಿದೆ."

"ಕೊಳವೇಲಿ ಎಣ್ಣೆ ಉಳಿದಿರುತ್ತಲ್ಲೇ..."

"ಉಳಿದಿತ್ತು."

ಅಕ್ಕ ಬೈಯಲಿಲ್ಲ. ಅವಳು ಕಿರುಚುತ್ತಾಳೆಂದು ಕಾದಿದ್ದ ನನಗೆ ಅದರಿಂದ ಸಿಟ್ಟೇ ಬಂತು.

ಸೋಮವಾರ ಸಮಿತಿಯ ಅಧ್ಯಕ್ಷರು ವರದಿ ಓದಿ ಹುಬ್ಬೇರಿಸಿದರು. ಬೀಜ ಎಲ್ಲಿ ಎಂದರು. ಇಲ್ಲ, ಮತ್ತೆ ಹುಡುಕಲು ನಾಲ್ಕು ವರ್ಷ ಕೊಡಿ ಎಂದಳು ಅಕ್ಕ. "ಕಾಗದ ಬಿತ್ತಿದ್ರೆ ಬೆಳೆಯುತ್ತೇನಮ್ಮಾ?" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ಪರೀಕ್ಷೆ ಮಾತ್ರ ಅಚ್ಚುಕಟ್ಟಾಗಿದೆ ಎಂದು ನನ್ನನ್ನು ಹೊಗಳಿದರು. ಬುಧವಾರ ತಾಕನ್ನು ಉತ್ತರು.

ಅಂದು ಸಂಜೆ ಅಕ್ಕ ನನ್ನ ಕೋಣೆಗೆ ಬಂದಳು. ಚಪ್ಪಲಿಗೆ ಹೊಲದ ಮಣ್ಣು ಮೆತ್ತಿತ್ತು. ಬಾಗಿಲ ಹತ್ತಿರವೇ ನಿಂತಳು.

"ಯಾಕೆ ಮಾಡ್ದೆ ಅಂತ ಕೇಳಲ್ಲ ಕಣೆ. ಒಂದೇ ಒಂದು ಹೇಳು. ಅದರ ತಾಯಿ ಗಿಡದ ಬೀಜಾನ, ಗುಣ ಬದಲಾಗ್ಲಿ ಅಂತ ವಿಷದಲ್ಲಿ ನೆನೆಸಿ ಬೆಳೆಸಿದ್ದು. ಅಂಥವು ಎಷ್ಟೋ ಮೊಳೆಯೋದೇ ಇಲ್ಲ. ಇದೂ ಮೊಳೀತಿರಲಿಲ್ಲ, ಅಲ್ವಾ? ನೀನು ಅರೆಯೋವಾಗ ಅದು ಸತ್ತೇ ಹೋಗಿತ್ತು ತಾನೇ?"

ಹೌದು ಅನ್ನು ಎಂದು ಅವಳ ಕಣ್ಣು ಬೇಡುತ್ತಿತ್ತು. ಒಂದು ಸುಳ್ಳಿಗೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆ ಸುಳ್ಳನ್ನು ನಂಬಿಕೊಂಡು ಅವಳು ಹೇಗೋ ಬದುಕುತ್ತಿದ್ದಳು. ನನಗೆ ಅದು ಬೇಕಿರಲಿಲ್ಲ.

"ಇಲ್ಲ ಅಕ್ಕ," ಅಂದೆ. "ಮೊಳೆತಿತ್ತು. ಉಗುರಿನಷ್ಟು ಬೇರು ಬಿಟ್ಟಿತ್ತು. ಇಡೀ ತಟ್ಟೇಲಿ ಅದೇ ಚೆನ್ನಾಗಿದ್ದಿದ್ದು."

ಅಕ್ಕ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ನಾನು ಎತ್ತಲಿಲ್ಲ.