ಬಳ್ಳಿಸಾಲಿನ ಆಚೆಯ ಹಾದಿ

೧೯೯೬ರ ನವೆಂಬರ್‌ನ ಒಂದು ಶನಿವಾರ, ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನೆಲೆಸಿದ್ದ ರೇಣುಕಾದೇವಿ ಗಂಡ ಕರಬಸಪ್ಪನೊಂದಿಗೆ ವರ್ಜೀನಿಯಾದ ಒಂದು ದ್ರಾಕ್ಷಿತೋಟ ನೋಡಲು ಹೋಗಿದ್ದಳು. ಬಂದವರೆಲ್ಲ ತೋಟದ ಕಟ್ಟಡದೊಳಗೆ ವೈನ್ ರುಚಿ ನೋಡುತ್ತ ಕುಳಿತಿದ್ದರು. ವೈನ್ ಮುಟ್ಟದ ಇವರಿಬ್ಬರು ತೋಟದ ಹಿಂದಿನ ಗುಡ್ಡದ ಕಾಲುದಾರಿ ಹಿಡಿದರು.

ಬಳ್ಳಿಸಾಲು ಮುಗಿಯುವಲ್ಲಿ ಕವಲುಗೊಂಬಿನ ಗಂಡು ಜಿಂಕೆಯೊಂದು ನಿಂತಿತ್ತು. ಅದು ಜಿಂಕೆಗಳಿಗೆ ಬೆದೆಯ ಕಾಲ, ಗಂಡುಗಳು ಕೆರಳಿರುವ ದಿನಗಳು. "ಎಷ್ಟ್ ಚಂದ ಐತಿ ನೋಡು, ಒಂದು ಫೋಟೋ ತಗೀತೀನಿ," ಎನ್ನುತ್ತ ಕರಬಸಪ್ಪ ಕ್ಯಾಮೆರಾ ಎತ್ತಿ ಎರಡು ಹೆಜ್ಜೆ ಮುಂದಿಟ್ಟ. ಜಿಂಕೆ ತಲೆ ತಗ್ಗಿಸಿ ನುಗ್ಗಿತು. ಅವನನ್ನು ಕೆಡವಿ, ತೊಡೆಗೆ ಕೊಂಬು ನೆಟ್ಟು ನೆಲದ ಮೇಲೆ ಎಳೆದಾಡಿತು. ಪ್ಯಾಂಟು ರಕ್ತದಲ್ಲಿ ತೊಯ್ದುಹೋಯಿತು.

ರೇಣುಕಾದೇವಿ ಕೂಗಿದಳು, ಯಾರೂ ಬರಲಿಲ್ಲ. ಸಾಲಿನ ತುದಿಯಲ್ಲಿ ಕಿತ್ತು ಹಾಕಿದ್ದ ಬೇಲಿಗೂಟವೊಂದನ್ನು ಎರಡೂ ಕೈಯಿಂದ ಎತ್ತಿ ಜಿಂಕೆಯ ಕುತ್ತಿಗೆಗೆ ಬಾರಿಸಿದಳು. ಮೂರನೆಯ ಏಟಿಗೆ ಅದರ ಮುಂಗಾಲುಗಳು ಮಡಚಿಕೊಂಡವು. ಆಮೇಲೆ ತಲೆಗೆ ಹೊಡೆದಳು. ಬುರುಡೆ ಒಡೆದ ಸದ್ದು ಕೇಳಿದರೂ ಹೊಡೆಯುತ್ತಲೇ ಇದ್ದಳು.

"ಸಾಕ್ ಬಿಡು ರೇಣುಕಾ, ಸತ್ತೈತಿ ಅದು!" ಎಂದು ಕರಬಸಪ್ಪ ನರಳಿದ. ಅದಾದ ಮೇಲೂ ಅವಳ ಕೈ ನಾಲ್ಕು ಸಲ ಎದ್ದು ಬಿತ್ತು. ಬಳಿಕ ಗೂಟ ಬಿಸುಟು, ತನ್ನ ಶಾಲಿನಿಂದ ಅವನ ತೊಡೆಯನ್ನು ಬಿಗಿದು ಕಟ್ಟಿ, ಜನರಿದ್ದ ಕಡೆಗೆ ಓಡಿದಳು.

ಆಸ್ಪತ್ರೆಯಲ್ಲಿ ಇಪ್ಪತ್ತೆರಡು ಹೊಲಿಗೆ ಬಿದ್ದವು. "ನೀ ಇರದಿದ್ರ ನಾ ಉಳೀತಿರ್ಲಿಲ್ಲ," ಎಂದು ಕರಬಸಪ್ಪ ಅವಳ ಕೈ ಹಿಡಿದ.

"ಮೊದಲ ಹೊಡದದ್ದು ನಿಮ್ಮ ಸಲುವಾಗಿ," ಎಂದಳು ರೇಣುಕಾದೇವಿ. "ಸತ್ತ ಮ್ಯಾಲೂ ಯಾಕ ಹೊಡದೆ ಅನ್ನೋದು ನನಗ ತಿಳೀವಲ್ದ್ರೀ." ಆಗಲೇ ಅವಳಿಗೆ ಅಳು ಬಂದದ್ದು.